ಹುಬ್ಬಳ್ಳಿ ಕಡೆ ಕಟ್ಟಡದ ಕೆಲಸ: ಅಳತೆ, ಖರ್ಚಿ ಮತ್ತು ಕೊನೆಯ ಬಾಕಿ

ತುಮಕೂರಿನಿಂದ ಪ್ಲಾಸ್ಟರ್, ಟೈಲ್ಸ್ ಕೆಲಸದ ಮಂದಿಯನ್ನು ಕರಕೊಂಡು ಹುಬ್ಬಳ್ಳಿಗೆ ಬರುವವರಿದ್ದೀರಿ. ಇಲ್ಲಿ ಬಿಲ್ಡರ್ ಕೈಯಿಂದ ರೊಕ್ಕ ಹೇಗೆ ಬರುತ್ತದೆ, ಬರದಿದ್ದರೆ ದಾರಿ ಏನು ಅಂತ ಕೇಳಿದ್ದೀರಿ. ರೇಟ್ ಮಾತಾಡುವ ಮೊದಲು ಅಳತೆ ಮಾತಾಡ್ರಿ. ಜಗಳ ಏಳುವುದು ಕೊನೆಯ ಬಿಲ್ಲಿನಲ್ಲಿ, ಆದರೆ ಅದಕ್ಕೆ ಕಾರಣ ಮೊದಲ ದಿನ ಯಾರೂ ಬರೆದಿಡದ ಒಂದೋ ಎರಡೋ ಸಾಲು. ಮೋಸ ಮಾಡಬೇಕು ಅಂತಲೇ ಕೂತವರು ಎಲ್ಲ ಊರಲ್ಲೂ ಇದ್ದಾರೆ. ಅವರಿಗಿಂತ ಹೆಚ್ಚು ಕಾಡುವುದು ಬಾಯಿ ಲೆಕ್ಕ.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಎಲ್ಲ ಕಡೆ ಪದ್ಧತಿ ಸುಮಾರು ಒಂದೇ. ಮನೆ ಮಾಲಕ ಒಬ್ಬ ಗುತ್ತಿಗೆದಾರನಿಗೋ ಎಂಜಿನಿಯರಿಗೋ ಇಡೀ ಮನೆಯನ್ನು ಚದರಡಿ ಲೆಕ್ಕದಲ್ಲಿ ಒಪ್ಪಿಸುತ್ತಾನೆ. ಆತ ಗೌಂಡಿ, ಸೆಂಟ್ರಿಂಗ್, ಪ್ಲಂಬರ್, ವೈರಿಂಗ್, ಟೈಲ್ಸ್, ಬಡಿಗ್ಯಾರ ಎಂದು ಕೆಲಸ ಹಂಚುತ್ತಾನೆ. ನಿಮ್ಮ ಒಪ್ಪಂದ ಆ ಗುತ್ತಿಗೆದಾರನ, ಅಂದರೆ ಬಿಲ್ಡರನ, ಜೊತೆಗೆ ಮಾತ್ರ. ಆತ ಕೊಡದಿದ್ದರೆ ನೇರವಾಗಿ ಮಾಲಕನ ಮೇಲೆ ದಾವೆ ಹಾಕಲು ಸಾಮಾನ್ಯವಾಗಿ ಬರುವುದಿಲ್ಲ, ಮಾಲಕ ತಾನೇ ಕೊಡುತ್ತೇನೆಂದು ಬರೆದುಕೊಟ್ಟಿದ್ದರೆ ಮಾತ್ರ ಬೇರೆ ಮಾತು. ಮಾಲಕ ಸಾಲ ತೆಗೆದು ಕಟ್ಟಿಸುತ್ತಿದ್ದರೆ ಬ್ಯಾಂಕಿನವರು ಬಂದು ಕೆಲಸ ನೋಡಿದ ಮೇಲೆಯೇ ಮುಂದಿನ ಕಂತು ಬಿಡುವುದು. ಆ ಗ್ಯಾಪಿನಲ್ಲಿ ಗುತ್ತಿಗೆದಾರ ಈ ಮನೆಯ ರೊಕ್ಕ ಆ ಮನೆಗೆ, ಆ ಮನೆಯದು ಈ ಮನೆಗೆ ತಿರುಗಿಸುತ್ತಾನೆ. ಸ್ಲ್ಯಾಬ್ ಹಾಕುವ ಹೊತ್ತಿಗೆ ಮಾಲಕನಿಂದ ದೊಡ್ಡ ಪಾಲು ಬಂದು ಖರ್ಚಾಗಿರುತ್ತದೆ. ಪ್ಲಾಸ್ಟರ್, ಟೈಲ್ಸ್, ಬಣ್ಣದವರು ಕೊನೆಗೆ ಬರುವವರು, ಆದ್ದರಿಂದ ಕೊರತೆ ಅವರ ಪಾಲಿಗೇ ಬರುತ್ತದೆ. ಕೆಲಸ ಹಿಡಿಯುವ ಮೊದಲು ಕೇಳಿ ತಿಳ್ಕೋರಿ: ಮಾಲಕನಿಂದ ಇನ್ನೂ ಬರಬೇಕಾದ ಕಂತು ಎಷ್ಟು? ಅದು ನಿಮ್ಮ ಕೆಲಸದ ಮೊತ್ತಕ್ಕಿಂತ ಕಡಿಮೆ ಇದ್ದರೆ ನಿಮ್ಮ ಬಾಕಿ ಅಲ್ಲೇ ನಿಲ್ಲುತ್ತದೆ ಅಂತ ತಿಳೀರಿ.

ಇನ್ನು ಖರ್ಚಿ. ಇಲ್ಲಿ ವಾರಕ್ಕೊಮ್ಮೆ, ಮಂದಿ ಸಂತೆ ಮಾಡಲಿಕ್ಕೆ ಅನುಕೂಲ ಆಗುವಂತೆ, ಆಳಿನ ಲೆಕ್ಕ ನೋಡಿ ಕೈಗೆ ಒಂದಿಷ್ಟು ಕೊಡುತ್ತಾರೆ. ಅದು ಕೆಲಸದ ಬಿಲ್ ಅಲ್ಲ, ಮುಂಗಡ. ಕೆಲಸ ಮುಗಿದ ಮೇಲೆ ಅಳತೆ ಹಿಡಿದು, ಕೊಟ್ಟ ಖರ್ಚಿ ಕಳೆದು, ಉಳಿದದ್ದು ಚುಕ್ತಾ. ಗಂಟು ಬೀಳುವುದು ಇಲ್ಲೇ. ನೀವು ಊರಿಗೆ ಹೋದಾಗ ನಿಮ್ಮ ಹುಡುಗ ಎರಡು ಸಾವಿರ ಇಸಕೊಂಡಿರುತ್ತಾನೆ, ಬಿಲ್ಡರನ ಡೈರಿಯಲ್ಲಿ ಅದು ಇರುತ್ತದೆ, ನಿಮ್ಮದರಲ್ಲಿ ಇರುವುದಿಲ್ಲ. ಎರಡು ವಹಿ ಇಡ್ರಿ, ಪ್ರತಿ ವಾರ ಎರಡರಲ್ಲೂ ಇಬ್ಬರ ಸಹಿ ಇರಲಿ. ನಿಮ್ಮ ಹೊರತು ಬೇರೆ ಯಾರ ಕೈಯಲ್ಲೂ ಕೊಡಬಾರದು ಅಂತ ಮೊದಲೇ ಹೇಳ್ರಿ. ಯುಪಿಐ ಮೂಲಕ ಕೊಟ್ಟರೆ ಟಿಪ್ಪಣಿಯಲ್ಲಿ ಯಾವ ಸೈಟ್, ಯಾವ ವಾರ ಅಂತ ಬರೆಸ್ರಿ. ಒಬ್ಬನೇ ಬಿಲ್ಡರನ ಎರಡು ಸೈಟಿನಲ್ಲಿ ನಿಮ್ಮ ಮಂದಿ ದುಡಿಯುತ್ತಿದ್ದರೆ ಎರಡು ಲೆಕ್ಕ ಕೂಡಿಹೋಗಿ ಕೊನೆಗೆ ದೇವರೇ ಬಂದರೂ ಬಿಡಿಸಲಿಕ್ಕೆ ಆಗುವುದಿಲ್ಲ.

ಪ್ಲಾಸ್ಟರ್ ಅಳತೆಗೆ ಬರೋಣ. 10×12 ಅಡಿ ಕೋಣೆ, 10 ಅಡಿ ಎತ್ತರ: ಸುತ್ತಳತೆ 44 ಅಡಿ, ಗೋಡೆ 440 ಚದರಡಿ. 3×7 ಬಾಗಿಲು 21, 4×4 ಕಿಟಕಿ 16, ಕೂಡಿಸಿ 37. ಇದನ್ನು ಕಳೆಯಬೇಕೋ ಬೇಡವೋ? ಭಾರತೀಯ ಮಾನಕ ಐಎಸ್ 1200ರ ಪ್ರಕಾರ ಅರ್ಧ ಚದರ ಮೀಟರ್, ಅಂದರೆ ಸುಮಾರು ಐದೂವರೆ ಚದರಡಿ ತನಕದ ಕಿಂಡಿಗೆ ಏನೂ ಕಳೆಯುವುದಿಲ್ಲ. ಅದಕ್ಕಿಂತ ಮೇಲೆ 3 ಚದರ ಮೀಟರ್, ಸುಮಾರು 32 ಚದರಡಿ ತನಕ ಎರಡೂ ಕಡೆ ಒಂದೇ ಥರದ ಪ್ಲಾಸ್ಟರ್ ಇದ್ದರೆ ಒಂದು ಮುಖಕ್ಕೆ ಮಾತ್ರ ಕಳೆಯಬೇಕು, ಅಂಚು-ಮೂಲೆಗೆ ಬೇರೆ ಕೂಡಿಸುವಂತಿಲ್ಲ. 3 ಚದರ ಮೀಟರ್ ದಾಟಿದರೆ ಎರಡೂ ಮುಖ ಕಳೆದು, ಒಳಅಂಚುಗಳನ್ನು ಅಳೆದು ಕೂಡಿಸಬೇಕು. ಈ ಕೋಣೆಯ ಬಾಗಿಲು, ಕಿಟಕಿ ಎರಡೂ ನಡುವಿನ ಗುಂಪಿಗೆ ಬರುತ್ತವೆ. ಆದರೆ ಇಲ್ಲಿ ಕೆಲವರು ಎಲ್ಲ ಕಳೆಯುತ್ತಾರೆ, ಕೆಲವರು ಏನೂ ಕಳೆಯದೆ ರೇಟ್ ಇಳಿಸುತ್ತಾರೆ. ಯಾವುದೂ ತಪ್ಪಲ್ಲ, ಬರೆದಿರಬೇಕು ಅಷ್ಟೆ. ಕೋಣೆಗೆ 37 ಚದರಡಿ ಅಂದರೆ ಸಣ್ಣದು ಅನ್ನಿಸುತ್ತದೆ. ಚದರಡಿಗೆ 30 ರೂಪಾಯಿ ಅಂತ ಹಿಡಿದರೆ 1,110 ರೂಪಾಯಿ, ಎರಡು ಮಹಡಿಯಲ್ಲಿ ಹತ್ತು ಕೋಣೆ ಇದ್ದರೆ 11,100.

ದಪ್ಪದ್ದು ಇನ್ನೊಂದು ತಕರಾರು. ಇಟ್ಟಂಗಿ ಗೋಡೆಗೆ ಒಳಗಡೆ 12 ಎಂಎಂ ಅಂತ ಒಪ್ಪಿರುತ್ತೀರಿ. ಗೌಂಡಿ ಕಟ್ಟಿದ ಗೋಡೆ ಒಳಂಬಕ್ಕೆ (ತೂಗುಗುಂಡಿನ ನೇರಕ್ಕೆ) ನಿಲ್ಲದಿದ್ದರೆ ನೇರ ಮಾಡುವ ಹೊತ್ತಿಗೆ 25 ಎಂಎಂ ಆಗಿರುತ್ತದೆ. ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳಿನ (1:4) ಮಿಶ್ರಣದಲ್ಲಿ, 12 ಎಂಎಂಗೆ, ಸಂದು ತುಂಬುವುದೂ ಸೇರಿ 100 ಚದರಡಿಗೆ ಸುಮಾರು ಒಂದು ಚೀಲ ಸಿಮೆಂಟ್ ಬೇಕು. 25 ಎಂಎಂ ಆದರೆ ಎರಡು ಚೀಲದ ಹತ್ತಿರ ಹೋಗುತ್ತದೆ, ಎರಡು ಸಲ ಹೊಡೆಯಬೇಕಾದ ಕೂಲಿ ಬೇರೆ. ಮಟೀರಿಯಲ್ ಸಹಿತ ಹಿಡಿದಿದ್ದರೆ ನಷ್ಟ ಪೂರಾ ನಿಮ್ಮದು. ಲೇಬರ್ ಮಾತ್ರ ಹಿಡಿದಿದ್ದರೆ ‘ಸಿಮೆಂಟ್ ಜಾಸ್ತಿ ತಿಂದಿರಿ’ ಅಂತ ಬಿಲ್ಲಿನಲ್ಲಿ ಕಡಿತ. ಕೆಲಸ ಶುರುವಾಗುವ ಮೊದಲೇ ಪ್ರತಿ ಗೋಡೆಗೆ ಒಳಂಬ ಬಿಟ್ಟು, ಬಟನ್ (ದಪ್ಪದ ಗುರುತಿಗೆ ಹಚ್ಚುವ ಗಾರೆ ಬಿಲ್ಲೆ) ಇಟ್ಟು, ಎಲ್ಲಿ ಎಷ್ಟು ದಪ್ಪ ಬರುತ್ತದೆ ಅಂತ ಬಿಲ್ಡರಿಗೆ ತೋರಿಸಿ ಫೋಟೊ ತೆಗೀರಿ. ಪ್ಲಾಸ್ಟರ್ ಆದ ಮೇಲೆ ಗೋಡೆ ಒಳಗೇನಿತ್ತು ಅಂತ ಯಾರು ನೋಡುತ್ತಾರೆ?

ಟೈಲ್ಸಿನಲ್ಲಿ ನೆಲದ ಚದರಡಿಗೆ ಯಾರೂ ಜಗಳ ಆಡುವುದಿಲ್ಲ. ಜಗಳ ಎಲ್ಲಾ ಅಂಚಿನದು. ಸ್ಕರ್ಟಿಂಗ್ (ಗೋಡೆ ಬುಡದ ಟೈಲ್ಸ್ ಪಟ್ಟಿ) ರನ್ನಿಂಗ್ ಫುಟ್, ಅಂದರೆ ಉದ್ದದ ಅಡಿ ಲೆಕ್ಕವೋ, ಚದರಡಿಗೆ ಸೇರಿದ್ದೋ? 4 ಇಂಚಿನ ಸ್ಕರ್ಟಿಂಗ್ 44 ಅಡಿ ಓಡಿದರೆ ಚದರಡಿ ಲೆಕ್ಕದಲ್ಲಿ ಹದಿನೈದೂ ಆಗುವುದಿಲ್ಲ, ಕೆಲಸ ಮಾತ್ರ ಅರ್ಧ ದಿನದ್ದು. ಬಚ್ಚಲಮನೆ ಗೋಡೆ 7 ಅಡಿ ತನಕವೋ, ಚಾವಣಿ ತನಕವೋ? ಮೆಟ್ಟಿಲಿನ ಅಂಚು, ಅಡುಗೆ ಕಟ್ಟೆಯ ಗ್ರಾನೈಟ್ ಮೋಲ್ಡಿಂಗ್, ಸಿಂಕ್ ಕಟಿಂಗ್ ಯಾವ ರೇಟು? ಮೂರನೇ ಮಹಡಿಗೆ ಟೈಲ್ಸ್ ಪೆಟ್ಟಿಗೆ ಹೊರುವ ಹಮಾಲಿ ಯಾರದು? ಗಾಡಿಯಿಂದ ಇಳಿಸುವುದೂ ಟೈಲ್ಸಿನವರ ಕೆಲಸ ಅಂತ ಇಲ್ಲಿ ಕೆಲವರು ತಿಳಿದಿರುತ್ತಾರೆ, ಅದನ್ನು ಮೊದಲೇ ಬಿಡಿಸಿಕೊಳ್ರಿ. ಟೊಳ್ಳು ಸದ್ದಿನ ಟೈಲ್ಸ್ ಅಂತ ಆಮೇಲೆ ಕಡಿತ ಮಾಡುವುದುಂಟು. ಆದ್ದರಿಂದ ಪ್ರತಿ ಕೋಣೆ ಮುಗಿದ ಕೂಡಲೇ ಬಿಲ್ಡರನ ಸೂಪರ್‌ವೈಸರ್ ಬಡಿದು ನೋಡಿ ಸಹಿ ಮಾಡಲಿ. ಬಚ್ಚಲಮನೆಯಲ್ಲಿ ವಾಟರ್‌ಪ್ರೂಫಿಂಗ್ ಆದ ಮೇಲೆ, ಟೈಲ್ಸ್ ಹಾಕುವ ಮೊದಲು, ಕನಿಷ್ಠ 24 ತಾಸು ನೀರು ಕಟ್ಟಿ ನಿಲ್ಲಿಸಿ ನೋಡಿಸ್ರಿ. ಇದನ್ನು ಬಿಟ್ಟರೆ ಕೆಳಗಿನ ಚಾವಣಿ ತೊಯ್ದ ದಿನ ಪ್ಲಂಬರ್ ಟೈಲ್ಸಿನವನನ್ನು ತೋರಿಸುತ್ತಾನೆ, ಟೈಲ್ಸಿನವನು ವಾಟರ್‌ಪ್ರೂಫಿಂಗಿನವನನ್ನು, ಮೂವರ ಬಾಕಿಯೂ ನಿಲ್ಲುತ್ತದೆ.

ಹೊರಗಿನಿಂದ ಬಂದವರಿಗೆ ಗೊತ್ತಾಗದ ಒಂದು ವಿಷಯ ನೀರು. ಅವಳಿ ನಗರಕ್ಕೆ ಕುಡಿಯುವ ನೀರು ಹೆಚ್ಚಾಗಿ ಬರುವುದು ಸವದತ್ತಿ ಹತ್ತಿರದ ಮಲಪ್ರಭಾ ಜಲಾಶಯದಿಂದ. 24 ತಾಸು ನಳ ಇರುವ ವಾರ್ಡ್‌ಗಳಿವೆ, ಹಲವು ದಿನಕ್ಕೊಮ್ಮೆ ನೀರು ಬಿಡುವ ಓಣಿಗಳೂ ಇವೆ. ಗದಗ-ಬೆಟಗೇರಿಯಲ್ಲೂ ನೀರಿಗಾಗಿ ದಿನ ಎಣಿಸುವುದು ಹೊಸದಲ್ಲ. ಪ್ಲಾಸ್ಟರಿಗೆ ಕನಿಷ್ಠ 7 ದಿನ ನೀರು ಹೊಡೆಯಬೇಕು. ಬೋರ್ ಇಲ್ಲದ ಸೈಟಿನಲ್ಲಿ ಟ್ಯಾಂಕರ್ ತರಿಸಬೇಕು, ಅದರ ರೊಕ್ಕ ಯಾರದು ಅಂತ ಬರೆದಿರುವುದಿಲ್ಲ, ಮಾರ್ಚ್-ಏಪ್ರಿಲ್ ಬಿಸಿಲಿಗೆ ಗೋಡೆ ಒಣಗಿ ಕೂದಲೆಳೆ ಬಿರುಕು ಬಿಡುತ್ತದೆ, ಆಮೇಲೆ ‘ನಿಮ್ಮ ಕೆಲಸ ಸರಿ ಇಲ್ಲ’ ಅಂದುಬಿಟ್ಟರೆ, ಕೆಲಸದ ಭದ್ರತೆಗೆ ಅಂತ ಬಿಲ್ಲಿನಲ್ಲಿ ಹಿಡಿದಿಟ್ಟ ರೊಕ್ಕ ವಾಪಸ್ ಬರುವುದಿಲ್ಲ. ‘ನೀರು, ಕರೆಂಟು ಬಿಲ್ಡರ್ ಒದಗಿಸಬೇಕು; ನೀರು ಹೊಡೆಯುವ ಆಳು ಇಂಥವರದು’ ಅಂತ ಒಪ್ಪಂದದಲ್ಲಿ ಒಂದು ಸಾಲು ಬೇಕೇ ಬೇಕು.

ಆ ಹಿಡಿದಿಟ್ಟ ರೊಕ್ಕ ಸಾಮಾನ್ಯವಾಗಿ ಬಿಲ್ಲಿನ ಶೇಕಡಾ 5ರಿಂದ 10. ಎಷ್ಟು ಅನ್ನುವುದಕ್ಕಿಂತ ಯಾವಾಗ ಕೊಡುವುದು ಅನ್ನುವುದು ಮುಖ್ಯ. ‘ಮನೆ ಮುಗಿದ ಮೇಲೆ’ ಅಂತ ಬರೆಸಬೇಡ್ರಿ, ಮನೆ ಎಂದೂ ಮುಗಿಯುವುದಿಲ್ಲ. ‘ಪ್ಲಾಸ್ಟರ್ ಅಳತೆಗೆ ಸಹಿ ಆದ ದಿನದಿಂದ 6 ತಿಂಗಳು’ ಅಂತ ಬರೆಸ್ರಿ.

ಬೇರೆಯವರ ಕೆಲಸದ ಜಗಳವೂ ನಿಮ್ಮ ಬಾಕಿಯನ್ನು ತಿನ್ನುತ್ತದೆ, ಅದಕ್ಕೇ ಇಷ್ಟು ಗೊತ್ತಿರಲಿ. ಹುಬ್ಬಳ್ಳಿಯ ಪೂರ್ವಕ್ಕೆ, ನವಲಗುಂದ, ಗದಗ ಕಡೆಗೆ ಎರೆ ಭೂಮಿ. ಡ್ರಾಯಿಂಗಿನಲ್ಲಿ ಪಾಯ 5 ಅಡಿ ಇದ್ದರೂ ಗಟ್ಟಿ ಗರಸು ಸಿಗುವ ತನಕ 8 ಅಡಿ ಇಳಿಯಬೇಕಾಗಬಹುದು. 5×5 ಗುಂಡಿಗೆ 3 ಅಡಿ ಹೆಚ್ಚಾದರೆ 75 ಘನ ಅಡಿ. 12 ಗುಂಡಿಗೆ 900, ಅಂದರೆ 100 ಘನ ಅಡಿಗೆ ಒಂದರಂತೆ 9 ಬ್ರಾಸ್. ಈ ಹೆಚ್ಚುವರಿಯನ್ನು ಮಾಲಕ ಒಪ್ಪದಿದ್ದರೆ ಗುತ್ತಿಗೆದಾರ ಅದನ್ನು ಎಲ್ಲಿಂದ ತುಂಬುತ್ತಾನೆ? ಮುಂದೆ ಬರುವವರ ಬಿಲ್ಲಿನಿಂದಲೇ.

ಆಳುಗಳ ವಿಷಯ: ನಿಮ್ಮವರು ಹೊರಗಿನವರಾದರೂ ಕೈಯಾಳುಗಳು ಇಲ್ಲಿಯವರೇ ಇರುತ್ತಾರೆ. ಮುಂಗಾರು ಬಿತ್ತನೆ, ಕಾರಹುಣ್ಣಿಮೆ, ನಾಗರ ಪಂಚಮಿ, ತಮ್ಮೂರ ಜಾತ್ರೆ ಬಂದರೆ ಹೋಗೇ ಹೋಗುತ್ತಾರೆ, ತಡೆಯಲಿಕ್ಕೆ ಹೋಗಬೇಡ್ರಿ. ತಡವಾದದ್ದಕ್ಕೆ ದಂಡ ಅನ್ನುವ ಷರತ್ತು ಇದ್ದರೆ ಈ ದಿನಗಳನ್ನು ಹೊರತುಪಡಿಸಿ ಬರೆಸ್ರಿ.

ತೆರಿಗೆ ಹೆಸರಲ್ಲಿಯೂ ಕಡಿತ ಮಾಡುತ್ತಾರೆ. ವಾಸದ ಬಿಡಿ ಮನೆಗೆ ಬರೀ ಲೇಬರ್ ಕೆಲಸಕ್ಕೆ ಜಿಎಸ್‌ಟಿ ವಿನಾಯಿತಿ ಇದೆ. ಅಪಾರ್ಟ್‌ಮೆಂಟಿಗೆ, ಮಟೀರಿಯಲ್ ಸಹಿತ ಕೆಲಸಕ್ಕೆ ಅದು ಸಿಗುವುದಿಲ್ಲ. ಟಿಡಿಎಸ್ (ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ) ಅಂತ ಶೇಕಡಾ 1 ಹಿಡಿದರೆ ಅದು ನಿಮ್ಮ ಪ್ಯಾನ್ ಖಾತೆಗೆ ಜಮಾ ಆಗಿದೆಯೋ ಇಲ್ಲವೋ ನೋಡ್ರಿ. ಹಿಡಿದು ಕಟ್ಟದವರಿದ್ದಾರೆ.

ಇಷ್ಟೆಲ್ಲ ಮಾಡಿಯೂ ಬಾಕಿ ನಿಂತರೆ, ಮೊದಲು ಇಬ್ಬರೂ ಕೂಡಿ ಟೇಪ್ ಹಿಡಿದು ಅಳತೆ ಪಟ್ಟಿ ಮಾಡ್ರಿ, ಬಿಲ್ಡರ್ ಬರದಿದ್ದರೆ ಬೇರೆ ಎಂಜಿನಿಯರನಿಂದ ಮಾಡಿಸ್ರಿ. ಕೊನೆಯ ಬಿಲ್ಲನ್ನು ಸ್ವೀಕೃತಿ ಸಹಿತ ಅಂಚೆಯಲ್ಲಿ ಕಳಿಸ್ರಿ, ವಾಟ್ಸಾಪಿನಲ್ಲೂ ಹಾಕ್ರಿ. ಆ ಫೋನಿನಿಂದ ಯಾವ ಮೆಸೇಜೂ ಅಳಿಸಬೇಡ್ರಿ. ಅವನ್ನು ಸಾಕ್ಷಿಯಾಗಿ ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಇದಾದ ಮೇಲೆ ಇಲ್ಲಿಯ ರೂಢಿಯಂತೆ ನಾಲ್ಕು ಮಂದಿ ಹಿರಿಯರನ್ನು ಕೂಡಿಸುತ್ತಾರೆ. ಒಳ್ಳೆಯದೇ, ಬಹಳ ಬಾಕಿ ಹಾಗೇ ಬಗೆಹರಿಯುತ್ತವೆ. ಆದರೆ ಅಳತೆ ಪಟ್ಟಿ ಇಲ್ಲದೆ ಹೋದರೆ ‘ಹೋಗ್ಲಿ ಬಿಡ್ರೀ, ಅರ್ಧಕ್ಕ ಮುಗಿಸ್ರಿ’ ಅನ್ನುತ್ತಾರೆ. ಎರಡು ಲಕ್ಷದ ನಿಜವಾದ ಬಾಕಿ ಒಂದು ಲಕ್ಷ ಆಗುವುದು ಹೀಗೆ. ಒಪ್ಪಿದ ಮೊತ್ತ, ತಾರೀಖು ಬರೆಸಿ ಬಿಲ್ಡರನ ಸಹಿ ತಗೋರಿ, ಸಾಧ್ಯವಾದರೆ ಚೆಕ್ ತಗೋರಿ.

ಚೆಕ್ ಇದ್ದರೆ ದಾರಿ ಸುಲಭ, ದಿನ ಮಾತ್ರ ತಪ್ಪಬಾರದು. ಚೆಕ್ಕಿನ ಆಯುಷ್ಯ 3 ತಿಂಗಳು. ವಾಪಸಾದರೆ ಬ್ಯಾಂಕಿನ ಮೆಮೊ ಸಿಕ್ಕ 30 ದಿನದೊಳಗೆ ನೋಟಿಸ್, ನೋಟಿಸ್ ಮುಟ್ಟಿದ ಮೇಲೆ 15 ದಿನ ಕಾಯಬೇಕು, ಆಮೇಲೆ ಒಂದು ತಿಂಗಳೊಳಗೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ಕೋರ್ಟಿಗೆ ದೂರು. ಚೆಕ್ ಇಲ್ಲದಿದ್ದರೆ ಜಿಲ್ಲಾ ಇಲ್ಲವೇ ತಾಲ್ಲೂಕು ಕಾನೂನು ಸೇವಾ ಕಚೇರಿಯಲ್ಲಿ ಅರ್ಜಿ ಕೊಟ್ಟು, ದಾವೆ ಹೂಡುವ ಮೊದಲೇ ಲೋಕ ಅದಾಲತ್‌ಗೆ ತರಬಹುದು. ಕೋರ್ಟ್ ಫೀ ಇಲ್ಲ, ಅಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯ (ತೀರ್ಪಿನ) ಬೆಲೆ. ಎದುರಿನವ ಒಪ್ಪಿದರೆ ಮಾತ್ರ. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿ ಉಚಿತ, ಕೆಲಸ ಹಿಡಿಯುವ ಮೊದಲೇ ಮಾಡಿಸಿ ಇಡ್ರಿ. ಕಿರು, ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಪಾವತಿ ಆಗಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಅಂತ 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಹೇಳುತ್ತದೆ. ಕಟ್ಟಡ ಗುತ್ತಿಗೆಗೆ ಅದು ಹೊಂದುವುದಿಲ್ಲ ಅಂತ ಎದುರು ವಕೀಲರು ವಾದ ಮಾಡುತ್ತಾರೆ. ಅದನ್ನೊಂದೇ ನಂಬಿ ಕೂರಬೇಡ್ರಿ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಇರುವುದು ಮನೆ ಕೊಂಡವರಿಗೆ, ನಿಮಗಲ್ಲ. ಪೊಲೀಸ್ ಠಾಣೆಗೆ ಹೋದರೆ ಬಹುತೇಕ ‘ಇದು ಸಿವಿಲ್’ ಅಂತ ಕಳಿಸುತ್ತಾರೆ.

ಸಿಟ್ಟಿನಲ್ಲಿ ಹಾಕಿದ ಟೈಲ್ಸ್ ಕಿತ್ತರೆ, ನಳ ಬಿಚ್ಚಿಕೊಂಡು ಬಂದರೆ ಕೇಸು ನಿಮ್ಮ ಮೇಲೆ. ಗೋಡೆಗೆ, ನೆಲಕ್ಕೆ ಸೇರಿದ್ದು ಮನೆಯದು. ಬಡಿಗ್ಯಾರನ ಮಾತು ಬೇರೆ: ಮಾಲಕನ ಕಟ್ಟಿಗೆಯಿಂದ ತನ್ನ ಅಂಗಡಿಯಲ್ಲಿ ಮಾಡಿದ ಬಾಗಿಲನ್ನು ಕೂಲಿ ಬರುವ ತನಕ ಕೊಡದೆ ಇಟ್ಟುಕೊಳ್ಳಲು ಕರಾರು ಕಾಯ್ದೆಯಲ್ಲಿ ಆತನಿಗೆ ಹಕ್ಕಿದೆ. ನಿಮ್ಮ ಸಾಮಾನಿಗೆ ಇದೇ ಎಚ್ಚರ ಉಲ್ಟಾ ಬೇಕು. ಮಿಕ್ಸರ್, ಕಟರ್, ಸಾರುವೆ ಕಟ್ಟಿಗೆ ಸೈಟಿನಲ್ಲೇ ಬಿಟ್ಟು ಜಗಳಕ್ಕೆ ನಿಂತರೆ ಗೇಟಿಗೆ ಕೀಲಿ ಬೀಳುತ್ತದೆ. ಸಾಮಾನಿನ ಪಟ್ಟಿ ಮಾಡಿ ಸಹಿ ಹಾಕಿಸಿಕೊಂಡಿರ್ರಿ.

ಪಾವತಿಯ ತಾರೀಖು ಗೊತ್ತುಮಾಡದ ಕೆಲಸಕ್ಕೆ ದಾವೆಯ ಅವಧಿ ಕೆಲಸ ಮುಗಿದ ದಿನದಿಂದ 3 ವರ್ಷ. ಅವಧಿ ಮುಗಿಯುವ ಮೊದಲು ಬಿಲ್ಡರ್ ‘ಇಷ್ಟು ಕೊಡಬೇಕು’ ಅಂತ ಬರೆದು ಸಹಿ ಮಾಡಿದರೆ ಆ ದಿನದಿಂದ ಮತ್ತೆ 3 ವರ್ಷ ಸಿಗುತ್ತದೆ. ‘ದೀಪಾವಳಿಗೆ ಕೊಡ್ತೀನ್ರಿ’ ಅನ್ನುವ ಬಾಯಿ ಮಾತಿಗೆ ಒಂದು ದಿನವೂ ಸಿಗುವುದಿಲ್ಲ. ನಿಮ್ಮ ಆಳುಗಳ ಪಗಾರ ಮಾತ್ರ ಇದಕ್ಕೆಲ್ಲ ಕಾಯುವುದಿಲ್ಲ. ಬಿಲ್ಡರ್ ಕೊಟ್ಟಿಲ್ಲ ಅನ್ನುವುದು ಅವರ ಮುಂದೆ ನಡೆಯದ ಮಾತು. ಅವರು ಕಾರ್ಮಿಕ ಇಲಾಖೆಗೆ ಹೋದರೆ ಮೊದಲು ಕೇಳುವುದು ನಿಮ್ಮನ್ನೇ. ಆದ್ದರಿಂದ ಎರಡು ವಾರದ ಖರ್ಚಿ ನಿಂತ ದಿನವೇ ಅಳತೆ ಹಿಡಿದು, ಸಹಿ ತಗೊಂಡು, ಮಂದಿಯನ್ನು ಬೇರೆ ಸೈಟಿಗೆ ಕಳಿಸ್ರಿ.