ಲಾಠಿಗೆ ರುಚಿ ಇಲ್ಲ, ಮೇಡಂ

ಪತ್ರ:
ಸಂಪಾದಕರಿಗೆ ನಮಸ್ಕಾರ. ಲಾಕಪ್ ಡೆತ್ ಬಗ್ಗೆ ಹೋದ ಸಂಚಿಕೆಯಲ್ಲಿ ನೀವು ಬರೆದದ್ದು ಓದಿ ಬೇಜಾರಾಯಿತು. ಕಳೆದ ವರ್ಷ ನಮ್ಮ ಮನೆಯಲ್ಲಿ ಕಳ್ಳತನವಾಯಿತು. ನನ್ನ ತಾಯಿ ಕೊಟ್ಟಿದ್ದ ಎರಡೆಳೆ ಸರವೂ ಹೋಯಿತು. ಪೊಲೀಸರು ಒಬ್ಬ ಹುಡುಗನನ್ನು ಹಿಡಿದರು. ಎರಡೇ ದಿನದಲ್ಲಿ ಸರ ಸಿಕ್ಕಿತು. ಪಂಚನಾಮೆಗೆ ಕರೆತಂದಾಗ ಅವನು ಕುಂಟುತ್ತಿದ್ದ. ಎರಡೇಟು ಬೀಳದೆ ಯಾವ ಕಳ್ಳ ಬಾಯಿ ಬಿಡುತ್ತಾನೆ? ಮಾನವ ಹಕ್ಕು ಅನ್ನುವವರು ಕಳೆದುಕೊಂಡವರ ಪರ ಒಂದು ಮಾತಾದರೂ ಆಡಿದ್ದಾರಾ? ಪೊಲೀಸರ ಕೈ ಕಟ್ಟಿಹಾಕಿದರೆ ನಮ್ಮಂಥವರನ್ನು ಕಾಯುವವರು ಯಾರು?
ನಿವೃತ್ತ ಶಿಕ್ಷಕಿ (ಹೆಸರು, ಊರು ಬೇಡ ಎಂದಿದ್ದಾರೆ)

ಉತ್ತರ:
ಮೇಡಂ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಎಡಗಡೆ ಅಂಚು ಬಿಟ್ಟು, ಒಂದು ಅಕ್ಷರವನ್ನೂ ಹೊಡೆದುಹಾಕದೆ ಬರೆದಿದ್ದೀರಿ. ನಿಮ್ಮ ಕೈಲಿ ಕಲಿತ ಮಕ್ಕಳು ಪುಣ್ಯವಂತರು. ತಾಯಿ ಕೊಟ್ಟ ಸರ ಅಂದರೆ ಬರೀ ಬಂಗಾರ ಅಲ್ಲ ಅನ್ನೋದು ನನಗೂ ಗೊತ್ತು. ಅದು ನಿಮ್ಮ ಕೈಗೆ ವಾಪಸ್ ಬಂತಲ್ಲ, ಸಂತೋಷ.

ಪೊಲೀಸರ ಕಷ್ಟವನ್ನೂ ಹೇಳಿಬಿಡುತ್ತೇನೆ. ರಜೆ ಇಲ್ಲ, ನಿದ್ದೆ ಇಲ್ಲ. ಹಬ್ಬದ ದಿನ ಬಂದೋಬಸ್ತ್. ಮೇಲಿನವರ ಬೈಗುಳ, ರಾಜಕಾರಣಿಯ ಫೋನು, ನಡುವೆ ಸಿಕ್ಕಿಬಿದ್ದ ಕಾನ್‌ಸ್ಟೆಬಲ್. ಎಲ್ಲ ನಿಜ. ಆದರೆ ಆ ಸುಸ್ತಿಗೂ ನೀವು ಹೇಳಿದ ಆ ಹುಡುಗನ ಕಾಲಿಗೂ ಏನು ಸಂಬಂಧ ಅಂತ ನನಗೆ ಯಾರೂ ಇದುವರೆಗೆ ವಿವರಿಸಿಲ್ಲ.

ಈಗ ನಿಮಗೊಂದು ಪಾಠ ಓದಿಸುತ್ತೇನೆ. ಶಿಕ್ಷಕಿಗೇ ಪಾಠವಾ ಅನ್ನಬೇಡಿ. 1860ರಲ್ಲಿ ಭಾರತೀಯ ದಂಡ ಸಂಹಿತೆ ಬಂತು. ಅದರ 330ನೇ ಕಲಂ ಹೊಡೆದು ತಪ್ಪೊಪ್ಪಿಗೆ ತೆಗೆಯುವವರ ಬಗ್ಗೆ ಇದೆ. 7 ವರ್ಷದವರೆಗೆ ಜೈಲು. ಬಲವಾದ ಗಾಯವಾದರೆ ಮುಂದಿನ ಕಲಂ, 10 ವರ್ಷದವರೆಗೆ. ನೀವು ಕ್ಲಾಸಿನಲ್ಲಿ ಉದಾಹರಣೆ ಕೊಟ್ಟು ಹೇಳುತ್ತಿದ್ದಿರಲ್ವಾ, ಆ ಕಾನೂನೂ ಹಾಗೇ ಉದಾಹರಣೆ ಕೊಡುತ್ತದೆ. ಕಳವಿನ ಮಾಲು ಎಲ್ಲಿಟ್ಟಿದ್ದೀಯ ತೋರಿಸು ಅಂತ ಒಬ್ಬ ಪೊಲೀಸ್ ಅಧಿಕಾರಿ ಒಬ್ಬನಿಗೆ ಹಿಂಸೆ ಕೊಡುತ್ತಾನೆ. ಆ ಅಧಿಕಾರಿ ಅಪರಾಧಿ. ಇಷ್ಟೇ ಉದಾಹರಣೆ. ನಿಮ್ಮ ಸರದ ಕಥೆಯನ್ನು ಅವರು ನೂರಅರವತ್ತು ವರ್ಷದ ಹಿಂದೆಯೇ ಬರೆದಿಟ್ಟಿದ್ದಾರೆ. ರೌಡಿ ಅಂತ ಬರೆಯಬಹುದಿತ್ತು, ದರೋಡೆಕೋರ ಅಂತ ಬರೆಯಬಹುದಿತ್ತು. ಪೊಲೀಸ್ ಅಂತಲೇ ಬರೆದರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ ಮಾತು 120ನೇ ಕಲಂ ಆಗಿ ಕೂತಿದೆ. ಉದಾಹರಣೆಯೂ ಹಾಗೇ ಇದೆ.

ಯಾಕೆ ಬರೆದರು? 1855ರಲ್ಲಿ ಮದ್ರಾಸಿನಲ್ಲಿ ಒಂದು ಆಯೋಗದ ವರದಿ ಬಂದಿತ್ತು. ಆಗ ನಮ್ಮ ಬಳ್ಳಾರಿ, ನಮ್ಮ ಮಂಗಳೂರು ಎಲ್ಲ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿದ್ದವು. ಕಂದಾಯ ವಸೂಲಿಗೆ ಮತ್ತು ತಪ್ಪೊಪ್ಪಿಗೆಗೆ ಜನರಿಗೆ ಚಿತ್ರಹಿಂಸೆ ಕೊಡುತ್ತಿದ್ದರು ಅನ್ನೋದನ್ನು ಆ ಆಯೋಗ ಒಪ್ಪಿಕೊಂಡಿತು. ಆಮೇಲೆ 1872ರ ಸಾಕ್ಷ್ಯ ಕಾಯ್ದೆಯಲ್ಲಿ ಬ್ರಿಟಿಷರು ತಮ್ಮದೇ ಪೊಲೀಸರನ್ನು ನಂಬಲಿಲ್ಲ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ ಅಂದರು. ಆದರೆ ಅದೇ ಕಾಯ್ದೆಯಲ್ಲಿ ಒಂದು ಕಿಂಡಿ ಬಿಟ್ಟರು. 27ನೇ ಕಲಂ. ಆರೋಪಿ ಹೇಳಿದ ಮಾತಿನಿಂದ ಒಂದು ವಸ್ತು ಸಿಕ್ಕರೆ, ಆ ಮಾತಿನ ಅಷ್ಟು ಭಾಗ ಸಾಕ್ಷ್ಯವಾಗುತ್ತದೆ. ಲಾಠಿ ಒಳಗೆ ಬರುವುದು ಈ ಕಿಂಡಿಯಿಂದಲೇ ಮೇಡಂ. ಬೆರಳಚ್ಚು ತೆಗೆಯಬೇಕು, ನಾಲ್ಕು ಮನೆ ತಿರುಗಬೇಕು, ಗಿರವಿ ಅಂಗಡಿಯ ಪುಸ್ತಕ ನೋಡಬೇಕು. ಅಷ್ಟೆಲ್ಲ ಯಾರು ಮಾಡುತ್ತಾರೆ? ಎರಡು ದಿನ ಒಳಗಿಟ್ಟುಕೊಂಡರೆ ‘ರಿಕವರಿ’ ಆಗುತ್ತದೆ.

ಅಂದ ಹಾಗೆ, ಆ ಎರಡು ದಿನ ಆ ಹುಡುಗ ಎಲ್ಲಿದ್ದ? ಹಿಡಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಇದು ಸಂವಿಧಾನದ 22ನೇ ವಿಧಿ. ನಿಮ್ಮ ಪತ್ರದಲ್ಲಿ ಕೋರ್ಟಿನ ಮಾತೇ ಇಲ್ಲ.

ನಾನು ಹೊಸದಾಗಿ ವರದಿಗಾರನಾದಾಗ ದಿನಾ ಸಂಜೆ ಠಾಣೆಗೆ ಹೋಗಿ ಕ್ರೈಂ ಸುದ್ದಿ ಬರೆದುಕೊಂಡು ಬರುತ್ತಿದ್ದೆ. ಠಾಣೆಯ ದಾಖಲೆ ಬರೆಯುವ ಪೊಲೀಸರು, ಅಂದರೆ ರೈಟರ್, ಒಳ್ಳೆಯವರು, ಟೀ ತರಿಸುತ್ತಿದ್ದರು. ಒಂದು ದಿನ ಹಿಂದಿನ ರೂಮಿನ ಬಾಗಿಲು ಹಾಕಿತ್ತು. ಬಾಗಿಲ ಹೊರಗೆ ಒಂದು ಜೊತೆ ಹವಾಯಿ ಚಪ್ಪಲಿ. ಒಂದರ ಪಟ್ಟಿ ಕಿತ್ತುಹೋಗಿ, ಸೇಫ್ಟಿ ಪಿನ್ ಹಾಕಿದ್ದರು. ಒಳಗಿನಿಂದ ಸದ್ದು ಬರುತ್ತಿತ್ತು. ಕಿರುಚಾಟ ಅಲ್ಲ. ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದಂಥ ಸದ್ದು, ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ, ಮತ್ತೆ ಅದೇ ಸದ್ದು. ರೈಟರ್ ನನ್ನ ಮುಖ ನೋಡಿ, ‘ಟೀ ಆರತ್ತೆ, ಕುಡೀರಿ’ ಅಂದರು. ಅರ್ಧ ಗಂಟೆ ಬಿಟ್ಟು ಇಪ್ಪತ್ತರ ಒಬ್ಬ ಹುಡುಗನನ್ನು ಹೊರಗೆ ತಂದರು. ಕಾಗದದ ಮೇಲೆ ಸಹಿ ಬೇಕಿತ್ತು. ‘ಓದಿದ್ದೀನಿ ಸಾರ್, ಸಹಿ ಬರತ್ತೆ’ ಅಂದ. ಪೆನ್ನು ಕೊಟ್ಟರು. ಬೆರಳು ಮಡಚಲಿಕ್ಕೇ ಆಗಲಿಲ್ಲ. ಕೊನೆಗೆ ಹೆಬ್ಬೆಟ್ಟು ಒತ್ತಿಸಿಕೊಂಡರು.

ಆ ರಾತ್ರಿ ನಾನು ಬರೆದ ಸುದ್ದಿಯ ತಲೆಬರಹ: ‘ಕಳ್ಳನಿಗೆ ಲಾಠಿ ರುಚಿ’. ಡೆಸ್ಕಿನವರು ಚೆನ್ನಾಗಿದೆ ಅಂದರು. ಅವನು ಕಳ್ಳನೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕಳ್ಳನೇ ಆಗಿದ್ದ ಅಂತಿಟ್ಟುಕೊಳ್ಳಿ. ಆ ಬೆರಳುಗಳಿಗೆ ಉತ್ತರ ಬೇಡವಾ?

ಈ ಪತ್ರಿಕೆಯಲ್ಲಿ ‘ಲಾಠಿ ರುಚಿ’ ಅನ್ನುವ ಮಾತನ್ನು ಬಳಸಬಾರದು ಅಂತ ನಾನು ಬಂದ ದಿನವೇ ಹೇಳಿದ್ದೇನೆ. ಆದರೂ ತಿಂಗಳಿಗೊಮ್ಮೆ ಯಾವುದಾದರೂ ವರದಿಯಲ್ಲಿ ನುಸುಳುತ್ತದೆ. ‘ಬೆಂಡೆತ್ತಿದ ಖಾಕಿ’, ‘ಬಿಸಿ ಮುಟ್ಟಿಸಿದ ಪೊಲೀಸರು’, ‘ತಮ್ಮದೇ ಭಾಷೆಯಲ್ಲಿ ವಿಚಾರಿಸಿದಾಗ’. ಎಷ್ಟು ಚಂದದ ಕನ್ನಡ! ರುಚಿ ಅಂದರೆ ನಾಲಿಗೆಯದ್ದು, ಊಟದ್ದು. ಅದನ್ನು ತಂದು ಬೆನ್ನಿನ ಮೇಲೆ ಇಟ್ಟವರು ಪೊಲೀಸರಲ್ಲ, ನಾವು ಪತ್ರಕರ್ತರು. ಟಿವಿಯವರು ಆರೋಪಿಗಳನ್ನು ಸಾಲಾಗಿ ಕೂರಿಸಿ ತೋರಿಸುತ್ತಾರೆ. ಸಿನಿಮಾದಲ್ಲಿ ನಾಯಕ ಲಾಕಪ್ಪಿನೊಳಗೆ ಹೊಡೆದರೆ ಥಿಯೇಟರಿನಲ್ಲಿ ಶಿಳ್ಳೆ. ಹೀಗೆ ಬೆಳೆದ ನಾವು ಒಂದು ದಿನ ‘ಎರಡೇಟು ಹಾಕಿದರೆ ಏನಾಯಿತು’ ಅಂತ ಪತ್ರ ಬರೆಯುತ್ತೇವೆ. ನಿಮ್ಮನ್ನು ಬೈಯುತ್ತಿಲ್ಲ. ನಿಮಗೆ ಆ ಮಾತನ್ನು ಕಲಿಸಿದ್ದೇ ನಾವು.

ಚಪ್ಪಾಳೆ ಎಲ್ಲಿಯವರೆಗೆ ಹೋಗುತ್ತದೆ ಗೊತ್ತಾ? 1979-80ರಲ್ಲಿ ಬಿಹಾರದ ಭಾಗಲ್ಪುರದಲ್ಲಿ ಪೊಲೀಸರು 30ಕ್ಕೂ ಹೆಚ್ಚು ಜನರ ಕಣ್ಣು ಚುಚ್ಚಿ ಆಸಿಡ್ ಹಾಕಿದರು. ಕೋರ್ಟು ಇನ್ನೂ ತೀರ್ಪು ಕೊಟ್ಟಿರಲಿಲ್ಲ, ವಿಚಾರಣೆಯೇ ಮುಗಿದಿರಲಿಲ್ಲ. ಸುದ್ದಿ ಹೊರಬಿದ್ದು ಪೊಲೀಸರು ಸಸ್ಪೆಂಡ್ ಆದಾಗ ಊರ ಜನ ಬೀದಿಗಿಳಿದದ್ದು ಪೊಲೀಸರ ಪರವಾಗಿ.

ಕಾನೂನು ಇಷ್ಟು ಸ್ಪಷ್ಟ ಇದ್ದರೆ ಪೊಲೀಸರಿಗೆ ಶಿಕ್ಷೆ ಯಾಕೆ ಆಗುವುದಿಲ್ಲ ಅಂತ ನೀವು ಕೇಳಬೇಕಿತ್ತು. ಕೇಳಲಿಲ್ಲ, ಆದರೂ ಹೇಳುತ್ತೇನೆ. ಮೊದಲನೆಯದು, ಬೀಗದ ಕೈ ಸರ್ಕಾರದ ಹತ್ತಿರ ಇದೆ. ನಮ್ಮ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ಓದಿ. ಕರ್ತವ್ಯದ ನೆಪದಲ್ಲಿ ಮಾಡಿದ್ದಕ್ಕೆ ಮಾತ್ರವಲ್ಲ, ಕರ್ತವ್ಯ ಮೀರಿ ಮಾಡಿದ್ದಕ್ಕೂ ಕೇಸು ನಡೆಸಬೇಕಾದರೆ ಸರ್ಕಾರದ ಮುಂಚಿನ ಅನುಮತಿ ಬೇಕು. ಕರ್ತವ್ಯಕ್ಕೂ ಆ ಕೆಲಸಕ್ಕೂ ನಂಟಿದ್ದರೆ ಅತಿರೇಕ ಮಾಡಿದವರಿಗೂ ಈ ರಕ್ಷಣೆ ಸಿಗುತ್ತದೆ ಅಂತ 2020ರಲ್ಲಿ ಕರ್ನಾಟಕದ್ದೇ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಪರಾಧ ವಿಚಾರಣೆಯ ಹೊಸ ಕಾನೂನಾದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಸರ್ಕಾರ 120 ದಿನದಲ್ಲಿ ತೀರ್ಮಾನಿಸದಿದ್ದರೆ ಅನುಮತಿ ಸಿಕ್ಕಂತೆಯೇ ಅಂತ ಬರೆದಿದ್ದಾರೆ. ಒಳ್ಳೆಯದೇ. ಆದರೆ ‘ಅನುಮತಿ ಇಲ್ಲ’ ಅಂತ ಒಂದೇ ಸಾಲು ಬರೆಯಲು 120 ದಿನ ಬೇಕಾಗುವುದಿಲ್ಲ.

ಎರಡನೆಯದು, ಲಾಕಪ್ಪಿನೊಳಗೆ ಸಾಕ್ಷಿ ಯಾರು? ಹೊಡೆದವನು ಮತ್ತು ಅವನ ಪಕ್ಕದಲ್ಲಿ ನಿಂತವನು. ಕಸ್ಟಡಿಯಲ್ಲಿ ಗಾಯವಾದರೆ ಅದು ಪೊಲೀಸರಿಂದಲೇ ಆದದ್ದು ಅಂತ ಕೋರ್ಟು ಭಾವಿಸಬಹುದು, ಅಲ್ಲ ಅಂತ ಅವರೇ ತೋರಿಸಲಿ ಅಂತ ಕಾನೂನು ಆಯೋಗ 1985ರಲ್ಲೇ ಹೇಳಿತ್ತು. ಇವತ್ತಿಗೂ ಅದು ಕಾನೂನಾಗಿಲ್ಲ. ಚಿತ್ರಹಿಂಸೆ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿತು, ಅನುಮೋದನೆ ಮಾತ್ರ ಕೊಡಲಿಲ್ಲ. 2010ರಲ್ಲಿ ಲೋಕಸಭೆ ಚಿತ್ರಹಿಂಸೆ ತಡೆಯುವ ಒಂದು ಮಸೂದೆ ಪಾಸು ಮಾಡಿತು, ಅದು ರಾಜ್ಯಸಭೆ ದಾಟಲಿಲ್ಲ. ಇದನ್ನೆಲ್ಲ ಬರೆದು ಬರೆದು ನನಗೇ ಸಾಕಾಗಿದೆ.

ಆದರೆ ಪಕ್ಕದಲ್ಲಿ ನಿಂತವರು ಒಮ್ಮೊಮ್ಮೆ ಬಾಯಿ ಬಿಡುತ್ತಾರೆ. 2020ರ ಜೂನ್‌ನಲ್ಲಿ ತಮಿಳುನಾಡಿನ ಸಾತ್ತಾನ್‌ಕುಳಂನಲ್ಲಿ ಒಬ್ಬ ತಂದೆ ಮತ್ತು ಮಗ ಸತ್ತರು. ಲಾಕ್‌ಡೌನ್ ವೇಳೆ ಮೀರಿ ಮೊಬೈಲ್ ಅಂಗಡಿ ತೆರೆದಿದ್ದರು ಅನ್ನೋದು ಅವರ ಮೇಲಿದ್ದ ಆರೋಪ. ಮ್ಯಾಜಿಸ್ಟ್ರೇಟ್ ಠಾಣೆಗೆ ಹೋಗಿ ನೋಡಿದರೆ ಸಿಸಿಟಿವಿ ದೃಶ್ಯ ದಿನಾ ತಾನಾಗಿಯೇ ಅಳಿಸಿಹೋಗುವ ಹಾಗೆ ಸೆಟ್ ಮಾಡಿದ್ದರು. ರಾತ್ರಿಯಿಡೀ ಹೊಡೆದರು ಅಂತ ಹೇಳಿದ್ದು ಅದೇ ಠಾಣೆಯ ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೆಬಲ್. ಸಹೋದ್ಯೋಗಿಗಳು ಹೊರಗೇ ನಿಂತಿದ್ದಾಗ, ಹೆದರುತ್ತಲೇ ಹೇಳಿದರು. ಆಮೇಲೆ ಸಿಬಿಐ 9 ಪೊಲೀಸರ ಮೇಲೆ ಕೊಲೆ ಆರೋಪಪಟ್ಟಿ ಹಾಕಿತು. ಪೊಲೀಸರ ಮೇಲೆ ನನಗೆ ಗೌರವ ಇಲ್ಲ ಅಂತ ನಿಮಗೆ ಅನ್ನಿಸಿರಬಹುದು. ಆ ಹೆಡ್ ಕಾನ್‌ಸ್ಟೆಬಲ್ ಎದುರಾದರೆ ನಾನು ಎದ್ದು ನಿಲ್ಲುತ್ತೇನೆ.

ಇನ್ನು, ಪತ್ರಗಳ ವಿಷಯ. ಪತ್ರ ಬರೆಯುವವರಾದ್ದರಿಂದ ನಿಮಗೆ ಇದು ಹಿಡಿಸಬಹುದು. 1987ರ ಡಿಸೆಂಬರ್ 1ರಂದು ಒಡಿಶಾದ ಸುಂದರ್‌ಗಢ ಜಿಲ್ಲೆಯಲ್ಲಿ ಸುಮನ್ ಬೆಹೆರಾ ಎಂಬ 22ರ ಹುಡುಗನನ್ನು ಕಳ್ಳತನದ ತನಿಖೆಗೆ ಅಂತ ಪೊಲೀಸರು ಕರೆದೊಯ್ದರು. ಮರುದಿನ ರೈಲು ಹಳಿಯ ಮೇಲೆ ಹೆಣ ಸಿಕ್ಕಿತು. ಕಟ್ಟಿದ್ದ ಹಗ್ಗವನ್ನು ಹಲ್ಲಿನಿಂದ ಕಡಿದುಕೊಂಡು ಓಡಿಹೋದ, ರೈಲಿಗೆ ಸಿಕ್ಕಿ ಸತ್ತ ಅಂತ ಪೊಲೀಸರ ಕಥೆ. ಅವನ ತಾಯಿ ನೀಲಾಬತಿ ಬೆಹೆರಾ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ಆ ಪತ್ರವನ್ನೇ ಕೋರ್ಟು ಅರ್ಜಿ ಅಂತ ತೆಗೆದುಕೊಂಡಿತು. 1993ರಲ್ಲಿ ಹಗ್ಗದ ಕಥೆಯನ್ನು ತಳ್ಳಿಹಾಕಿ, 1,50,000 ರೂಪಾಯಿ ಪರಿಹಾರ ಕೊಡಿ ಅಂತ ಸರ್ಕಾರಕ್ಕೆ ಹೇಳಿತು.

ಇನ್ನೊಂದು ಪತ್ರ 1986ರ ಆಗಸ್ಟ್‌ನದ್ದು. ಪಶ್ಚಿಮ ಬಂಗಾಳದಲ್ಲಿ ಬಡವರಿಗೆ ಕಾನೂನು ನೆರವು ಕೊಡುತ್ತಿದ್ದ ಸಂಸ್ಥೆಯ ಡಿ.ಕೆ. ಬಸು ಅವರು ಲಾಕಪ್ ಸಾವಿನ ಪತ್ರಿಕಾ ಸುದ್ದಿಗಳನ್ನು ಮುಂದಿಟ್ಟು ಮುಖ್ಯ ನ್ಯಾಯಮೂರ್ತಿಗಳಿಗೆ ಬರೆದರು. ಪತ್ರಿಕೆಯವನಾಗಿ ನನಗೆ ಎದೆಯುಬ್ಬಿ ಬರುವುದು ಇಲ್ಲಿ. ಹತ್ತು ವರ್ಷದ ಮೇಲೆ, 1996ರ ಡಿಸೆಂಬರ್ 18ರಂದು, ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿ ಅದರಿಂದ 11 ನಿಯಮ ಹುಟ್ಟಿದವು. ಹಿಡಿಯಲು ಬರುವ ಪೊಲೀಸರ ಎದೆಯ ಮೇಲೆ ಕಾಣುವ ಹಾಗೆ ಹೆಸರು ಇರಬೇಕು. ಬಂಧನದ ಮೆಮೊ ಬರೆದು, ಮನೆಯವರೋ ಊರಿನವರೋ ಸಹಿ ಹಾಕಬೇಕು. ಕಸ್ಟಡಿಯಲ್ಲಿ ಇರುವಷ್ಟು ದಿನ 48 ಗಂಟೆಗೊಮ್ಮೆ ಡಾಕ್ಟರು ನೋಡಬೇಕು. ಇದನ್ನು ಕಳ್ಳರಿಗೋಸ್ಕರ ಮಾಡಿದ್ದು ಅಂದುಕೊಂಡಿದ್ದೀರಾ? ನಿಮ್ಮ ವಿದ್ಯಾರ್ಥಿಯೊಬ್ಬನನ್ನು ಹೆಸರು ಹೋಲುತ್ತದೆ ಅಂತ ಸುಮ್ನೆ ಎತ್ತಿಕೊಂಡು ಹೋದ ದಿನ, ಅವನ ತಾಯಿ ಮೊದಲು ಕೇಳಬೇಕಾದ ಕಾಗದ ಅದೇ ಮೆಮೊ.

ನಿಮ್ಮ ಪತ್ರಕ್ಕೇ ಬರುತ್ತೇನೆ. ಅದರಲ್ಲಿ ಬೇಡದ ಒಂದು ಸಾಲಿದೆ. ‘ಅವನು ಕುಂಟುತ್ತಿದ್ದ’. ನಿಮ್ಮ ವಾದಕ್ಕೆ ಅದು ಬೇಕಿರಲಿಲ್ಲ. ಇಲ್ಲದಿದ್ದರೆ ನಿಮ್ಮ ವಾದ ಇನ್ನೂ ಗಟ್ಟಿಯಾಗಿರುತ್ತಿತ್ತು. ಆದರೂ ಬರೆದಿರಿ. ಒಂದು ವರ್ಷದಿಂದ ಅದು ನಿಮ್ಮ ಕಣ್ಣ ಮುಂದೆ ಇದೆ ಅಂತ ನನಗೆ ಅನ್ನಿಸಿತು. ತಪ್ಪಾಗಿದ್ದರೆ ಕ್ಷಮಿಸಿ.

ಹಾಗಾಗಿ ಒಂದು ಕೋರಿಕೆ. ನಿಮ್ಮ ಜಿಲ್ಲಾ ಕೋರ್ಟಿನ ಆವರಣದಲ್ಲೇ, ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ. ಅದರ ಕಾರ್ಯದರ್ಶಿಗೆ ಒಂದು ಪತ್ರ ಬರೆಯಿರಿ. ಇದೇ ಅಕ್ಷರದಲ್ಲಿ, ಅಂಚು ಬಿಟ್ಟು. ಸರ ನಿಮ್ಮದೇ, ಅದನ್ನು ಯಾರೂ ವಾಪಸ್ ಕೇಳುವುದಿಲ್ಲ. ಪಂಚನಾಮೆಯ ತಾರೀಖು ನಿಮ್ಮ ಹತ್ತಿರ ಇದೆಯಲ್ಲ, ಅದನ್ನು ಹಾಕಿ. ಯಾವ ಕಾಲು ಅಂತ ನೆನಪಿದ್ದರೆ ಅದನ್ನೂ ಬರೆಯಿರಿ.

- ಸಂಪಾದಕ