ಗಂಡು ಬೆಕ್ಕು ಪದೇ ಪದೇ ಟ್ರೇಗೆ ಹೋಗಿ ಕೂರುತ್ತಿದೆ, ಹನಿ ಹನಿ ಉಚ್ಚೆ. ಬಾಳೆದಿಂಡಿನ ರಸ ಕೊಡಬಹುದೇ? ಮುಂದೆ ಯಾವ ಕಂಪನಿಯ ಒಣ ಆಹಾರ ಒಳ್ಳೆಯದು?

ರಸ ಬೇಡ, ಬಾರ್ಲಿ ನೀರೂ ಬೇಡ. ಬುಟ್ಟಿಗೆ ಬಿಳಿ ಟವೆಲ್ ಹಾಸಿ, ಬೆಕ್ಕನ್ನು ಹಾಕಿಕೊಂಡು ಪಶುವೈದ್ಯರ ಬಳಿಗೆ ಈಗಲೇ ಹೊರಡಿ, ಉಳಿದದ್ದನ್ನು ದಾರಿಯಲ್ಲಿ ಓದಿ.

ನಮ್ಮ ಕೆಂಚನೂ ಹೀಗೇ ಮಾಡಿದ್ದ. ತೀರ್ಥಹಳ್ಳಿ ಕಡೆಯ ಆಷಾಢದ ಮಳೆ. ಅಂಗಳಕ್ಕೂ ಇಳಿಯದವನಿಗೆ ಜಗಲಿ ಮೂಲೆಯಲ್ಲಿ ಟ್ರೇ ಇಟ್ಟು ಸಾಮಿಲ್ಲಿನ ಹೊಟ್ಟು ತುಂಬಿದ್ದೆವು. ತಿನ್ನಲು ಪ್ಯಾಕೆಟ್ಟಿನ ಒಣ ಆಹಾರ, ನೀರಿನ ಬಟ್ಟಲನ್ನು ಮೂಸಿಯೂ ನೋಡುತ್ತಿರಲಿಲ್ಲ. ಶನಿವಾರ ಬೆಳಿಗ್ಗೆ ಟ್ರೇಯಲ್ಲಿ ಬೆನ್ನು ಬಾಗಿಸಿ ತಿಣುಕತೊಡಗಿದ. ಹೊಟ್ಟೆ ಕಟ್ಟಿದೆ ಅಂತ ಅಮ್ಮ ಹರಳೆಣ್ಣೆ ಕುಡಿಸಿದರು. ಮಧ್ಯಾಹ್ನ ಹಿಂಭಾಗ ನೆಕ್ಕುವುದನ್ನೇ ಕೆಲಸ ಮಾಡಿಕೊಂಡಾಗ ಇದು ಉಚ್ಚೆಯ ತೊಂದರೆ ಅಂತ ಹೊಳೆಯಿತು. ಮನುಷ್ಯರ ಕಲ್ಲಿಗೆ ಆಗುವುದು ಬೆಕ್ಕಿಗೂ ಆದೀತೆಂದು ಬಾಳೆದಿಂಡು ಅರೆದು, ಸಿರಿಂಜಿನಲ್ಲಿ ಮೂರು ಸಲ ಇಪ್ಪತ್ತಿಪ್ಪತ್ತು ಎಂಎಲ್ ಹಾಕಿದೆ.

ರಸ ಕುಡಿಸಿದ್ದು ಚಿಕ್ಕ ತಪ್ಪು. ದೊಡ್ಡದು, ಆ ಹನಿಗಳನ್ನು ನಂಬಿದ್ದು. ಹನ್ನೊಂದು ಸಲ ಟ್ರೇಗೆ ಹೋದ, ಪ್ರತಿ ಸಲ ಹೊಟ್ಟು ಸ್ವಲ್ಪ ಒದ್ದೆ. ಅಂದರೆ ಹೋಗುತ್ತಿದೆಯಲ್ಲ ಅಂತ ನೆಮ್ಮದಿಯಾಗಿದ್ದೆ. ಗಂಡು ಬೆಕ್ಕಿನ ಮೂತ್ರನಾಳ ತುದಿಗೆ ಬರುತ್ತಾ ಕಿರಿದಾಗುತ್ತದೆ. ಲೋಳೆ, ಉದುರಿದ ಜೀವಕೋಶ, ಹರಳುಪುಡಿ ಸೇರಿದ ಬಿರಡೆಯೊಂದು ಅಲ್ಲಿ ಕೂತರೆ ಮೂತ್ರಕೋಶ ತುಂಬುತ್ತಲೇ ಹೋಗುತ್ತದೆ, ಒತ್ತಡ ಮಿತಿಮೀರಿದಾಗ ಬಿರಡೆಯ ಅಂಚಿನಿಂದ ಒಂದೆರಡು ಹನಿ ಜಿನುಗುತ್ತದೆ. ನಾನು ಕಂಡದ್ದು ಆ ಜಿನುಗನ್ನು. ಹೊಟ್ಟು ಬೇರೆ ಎಲ್ಲವನ್ನೂ ಹೀರಿ ಹರಡುತ್ತದೆ, ಎರಡು ಎಂಎಲ್ಲೋ ಮೂವತ್ತೋ ತಿಳಿಯುವುದಿಲ್ಲ. ಒದ್ದೆಯಾದಲ್ಲಿ ಉಂಡೆ ಕಟ್ಟುವ ಲಿಟರ್ (ಟ್ರೇಗೆಂದೇ ಸಿಗುವ ಹರಳು ಮಣ್ಣು) ಇದ್ದಿದ್ದರೆ ಗೊತ್ತಾಗುತ್ತಿತ್ತು: ಆರೋಗ್ಯವಾಗಿರುವ ಬೆಕ್ಕು ದಿನಕ್ಕೆ ಎರಡರಿಂದ ನಾಲ್ಕು ಸಲ ಹೋಗಿ ಒಳ್ಳೆ ನಿಂಬೆಹಣ್ಣಿನಷ್ಟು ಉಂಡೆ ಬಿಡುತ್ತದೆ. ಟ್ರೇಗೆ ಹೋಗುವುದು ಹೆಚ್ಚಿ ಉಂಡೆ ಕಡಲೆಕಾಳಿನಷ್ಟಾದರೆ ಅದು ಕಟ್ಟಿದೆಯೆಂದೇ ತಿಳಿಯಬೇಕು. ಬರೀ ಉರಿಯೂತವಾಗಿದ್ದರೂ ಲಕ್ಷಣ ಇದೇ; ಯಾವುದೆಂದು ಹೊಟ್ಟೆ ಮುಟ್ಟಿ ಹೇಳುವುದು ವೈದ್ಯರ ಕೆಲಸ. ತುಂಬಿದ ಕೋಶವನ್ನು ನೀವು ಒತ್ತಿ ನೋಡಬೇಡಿ, ಒಡೆಯಬಹುದು.

ಭಾನುವಾರ ಸಂಜೆ ವಾಂತಿ ಮಾಡಿಕೊಂಡು ಮಂಚದ ಕೆಳಗೆ ಸೇರಿದ, ಕಿವಿ ತಣ್ಣಗಾಗಿತ್ತು. ಶಿವಮೊಗ್ಗ ಮುಟ್ಟುವಾಗ ಮೂವತ್ತಾರು ಗಂಟೆ ದಾಟಿತ್ತು. ವೈದ್ಯರ ಕೈಗೆ ಸಿಕ್ಕಿದ್ದು ಮೂಸಂಬಿಯಷ್ಟು ಗಟ್ಟಿ ಚೆಂಡು. ಹೃದಯ ನಿಮಿಷಕ್ಕೆ 110 ಸಲ ಬಡಿಯುತ್ತಿತ್ತು; ಆಸ್ಪತ್ರೆಗೆ ಬಂದು ಹೆದರಿದ ಬೆಕ್ಕಿನದು 160ಕ್ಕಿಂತ ಮೇಲಿರಬೇಕು. ಹೊರಗೆ ಹೋಗದ ಪೊಟ್ಯಾಸಿಯಂ ರಕ್ತದಲ್ಲಿ ಏರಿ ಹೃದಯವನ್ನು ನಿಧಾನ ಮಾಡುತ್ತದೆ, ಎರಡು ಮೂರು ದಿನದಲ್ಲಿ ಬೆಕ್ಕು ಸಾಯುವುದೂ ಇದರಿಂದಲೇ. ಬಾಳೆದಿಂಡಿನಲ್ಲಿ ಇರುವುದೂ ಅದೇ ಪೊಟ್ಯಾಸಿಯಂ! ಮೊದಲು ಹೃದಯ ಕಾಯಲು ಕ್ಯಾಲ್ಸಿಯಂ ಗ್ಲೂಕೋನೇಟ್, ಜೊತೆಗೆ ಡ್ರಿಪ್, ಆಮೇಲೆ ಮಂಪರು ಕೊಟ್ಟು ಕ್ಯಾಥೆಟರ್, ಅಂದರೆ ಮೂತ್ರನಾಳಕ್ಕೆ ತೂರಿಸುವ ಕೊಳವೆ. ತುದಿಯಿಂದ ಮರಳು ಬೆರೆತ ಲೋಳೆ, ಹಿಂದೆಯೇ ಕೆಂಪು ಉಚ್ಚೆ.

ಬದುಕಿದ. ಆದರೆ ಅಷ್ಟು ಹೊತ್ತು ಹಿಗ್ಗಿದ ಮೂತ್ರಕೋಶದ ಸ್ನಾಯು ಜೋತುಬಿದ್ದಿತ್ತು, ನಾಳ ತೆರೆದಿದ್ದರೂ ತಾನಾಗಿ ಒತ್ತಲು ಬಾರದು. ಎರಡು ಮೂರು ದಿನಕ್ಕೆ ತೆಗೆಯಬೇಕಾದ ಕ್ಯಾಥೆಟರ್ ಐದು ದಿನ ಉಳಿಯಿತು. ಶನಿವಾರವೇ ಹೋಗಿದ್ದರೆ ಇದು ಬೇಕಿರಲಿಲ್ಲ.

ದಾರಿಯಿಂದಲೇ ಫೋನ್ ಮಾಡಿ 'ಗಂಡು ಬೆಕ್ಕಿಗೆ ಉಚ್ಚೆ ಕಟ್ಟಿದೆ, ಬೆಕ್ಕಿನ ಕ್ಯಾಥೆಟರ್ ಇದೆಯೇ' ಎಂದೇ ಕೇಳಿ. ಹಸು ಎಮ್ಮೆ ನೋಡುವ ಕಡೆ 3.5 ಫ್ರೆಂಚ್ ಅಳತೆಯ ಸಪೂರ ಕೊಳವೆ ಇಲ್ಲದಿರಬಹುದು. ಬೆಂಗಳೂರಿನ ಹೆಬ್ಬಾಳ ಅಥವಾ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಹತ್ತಿರವಿದ್ದರೆ ಅಲ್ಲೂ ವಿಚಾರಿಸಿ. ನೋವಿಗೆಂದು ಪ್ಯಾರಾಸಿಟಮಾಲ್ ಕೊಡಬೇಡಿ, ಬೆಕ್ಕಿಗೆ ಅದು ವಿಷ.

ಮುಂದೆ ಯಾವ ಕಂಪನಿಯ ಒಣ ಆಹಾರ ಒಳ್ಳೆಯದು ಅಂತಲೂ ಕೇಳಿದ್ದೀರಿ. ನನ್ನ ಮಟ್ಟಿಗೆ ಒಣದ್ದೇ ಬೇಡ. ನಾಲ್ಕು ಕಿಲೋ ಬೆಕ್ಕಿಗೆ ದಿನಕ್ಕೆ ಊಟವೂ ಸೇರಿ ಸುಮಾರು 200 ಎಂಎಲ್ ನೀರು ಬೇಕು. ಒಣ ಆಹಾರದಲ್ಲಿ ಇರುವುದು ಶೇ. 10ರಷ್ಟು, ಪೌಚಿನ ಹಸಿ ಆಹಾರದಲ್ಲಿ ಶೇ. 75ಕ್ಕೂ ಹೆಚ್ಚು. ಆ ಹಸಿ ಆಹಾರಕ್ಕೇ ಎರಡು ಚಮಚ ಬಿಸಿನೀರು ಕಲಸಿ ಇಡಿ. 'ಕಲ್ಲು ಕರಗಿಸುವ' ಆಹಾರವನ್ನು ಉಚ್ಚೆ ಪರೀಕ್ಷೆ, ಎಕ್ಸ್‌ರೇ ಆಗದೆ ಕೊಳ್ಳಬೇಡಿ. ಸ್ಟ್ರುವೈಟ್ ಎಂಬ ಬಗೆಯ ಕಲ್ಲು ಕರಗುತ್ತದೆ, ಕ್ಯಾಲ್ಸಿಯಂ ಆಕ್ಸಲೇಟ್ ಬಗೆಯದು ಕರಗುವುದಿಲ್ಲ. ಮೊದಲ ಕೆಲವು ವಾರಗಳಲ್ಲಿ ಮತ್ತೆ ಕಟ್ಟುವುದು ಸಾಮಾನ್ಯ, ದಿನವೂ ಉಂಡೆ ಎಣಿಸಿ.

ಬುಟ್ಟಿಯ ಬಿಳಿ ಟವೆಲ್ ನೋಡುತ್ತಿರಿ. ದಾರಿಯಲ್ಲಿ ಒದ್ದೆಯಾಯಿತೇ, ಎಷ್ಟಗಲ, ಯಾವ ಬಣ್ಣ ಅಂತ ಅವರು ಕೇಳುತ್ತಾರೆ.