‘ಪಿತ್ತಕೋಶದ ವಿಚಿತ್ರಗಳು’ ಲೇಖಕರಿಗೆ

ಮಾನ್ಯರೇ,

ನಿಮ್ಮ ಲೇಖನ ಈಗಿರುವಂತೆ ಪ್ರಕಟಣೆಗೆ ಒದಗದು. ತಿದ್ದಿ ಕಳಿಸಿದರೆ ಮತ್ತೆ ಓದುತ್ತೇವೆ.

ಒಂಬತ್ತು ‘ವಿಚಿತ್ರ’ಗಳನ್ನು ಸಾಲಾಗಿ ಪೋಣಿಸಿದ್ದೀರಿ. ಮೂರು ಸಾಕು. ಫ್ರಿಜಿಯನ್ ಕ್ಯಾಪ್ ಜೋಡಿ ಪಿತ್ತಕೋಶದ ಒಂದು ಬಗೆ ಎಂದಿರುವುದು ತಪ್ಪು. ಅಲ್ಲಿರುವುದು ಒಂದೇ ಚೀಲ, ತುದಿ ಮಡಚಿಕೊಂಡಿರುತ್ತದೆ ಅಷ್ಟೆ. ಅದು ತೀರ ಅಪರೂಪವೂ ಅಲ್ಲ, ಅದೊಂದೇ ಕಾರಣಕ್ಕೆ ಚಿಕಿತ್ಸೆಯೂ ಬೇಡ.

ನಿಜವಾದ ಜೋಡಿ ಸುಮಾರು 4000 ಜನರಲ್ಲಿ ಒಬ್ಬರಿಗೆ. ಅಂಗರಚನಾ ತಜ್ಞ ಬಾಯ್ಡನ್ 1926ರಲ್ಲಿ ಮಾಡಿದ ವಿಂಗಡಣೆಯನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ, ಲೇಖನದ ಜೀವ ಇರುವುದೇ ಅಲ್ಲಿ. ಎರಡು ಚೀಲಗಳ ನಾಳಗಳು ಮೊದಲೇ ಕೂಡಿಕೊಂಡು ಮುಖ್ಯ ಪಿತ್ತನಾಳ ಸೇರಿದರೆ ವೈ ಮಾದರಿ, ಬೇರೆಬೇರೆಯಾಗಿಯೇ ಸೇರಿದರೆ ಎಚ್ ಮಾದರಿ. ಇದು ಮೊದಲೇ ಗೊತ್ತಿಲ್ಲದೆ ಒಂದು ನಾಳಕ್ಕೆ ಕ್ಲಿಪ್ ಹಾಕಿ ಒಂದು ಚೀಲ ತೆಗೆದರೆ ಇನ್ನೊಂದು ಒಳಗೇ ಉಳಿಯುತ್ತದೆ. ಆಪರೇಷನ್ ಆದವರಿಗೆ ಮತ್ತೆ ಅದೇ ನೋವು, ಅದೇ ಕಲ್ಲು. ಓದುಗರಿಗೆ ಬೇಕಾದದ್ದು ಇದು.

‘ಅಲ್ಟ್ರಾಸೌಂಡಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ’ ಎಂದಿದ್ದೀರಿ. ಯಾವಾಗ? 6ರಿಂದ 8 ಗಂಟೆ ಖಾಲಿ ಹೊಟ್ಟೆಯಲ್ಲಿದ್ದು ಚೀಲ ತುಂಬಿಕೊಂಡಿದ್ದಾಗ. ತಿಂಡಿ ತಿಂದು ಬಂದರೆ ಚೀಲ ಕುಗ್ಗಿ, ಗೋಡೆ ದಪ್ಪಗೆ ಕಾಣುತ್ತದೆ. ಎಡಮಗ್ಗುಲಿಗೆ ಮಲಗಿಸಿ ಇನ್ನೊಮ್ಮೆ ನೋಡಿದರೆ ಬರೀ ಮಡಿಕೆ ಎಷ್ಟೋ ಸಲ ಬಿಚ್ಚಿಕೊಳ್ಳುತ್ತದೆ. ಆದರೂ ತೆಳು ನಾಳಗಳು ಅಲ್ಟ್ರಾಸೌಂಡಿನಲ್ಲಿ ಸುಲಭವಾಗಿ ಸಿಕ್ಕುವುದಿಲ್ಲ, ಅದಕ್ಕೇ ಪಿತ್ತನಾಳಗಳ ಎಂಆರ್‌ಐ ಸ್ಕ್ಯಾನ್, ಅಂದರೆ ಎಂಆರ್‌ಸಿಪಿ. ‘ಡೈ ಚುಚ್ಚಿ ಮಾಡುತ್ತಾರೆ’ ಎಂಬ ಮಾತು ತೆಗೆಯಿರಿ. ಮಾಮೂಲಿ ಎಂಆರ್‌ಸಿಪಿಗೆ ಡೈ ಬೇಕಿಲ್ಲ, ನಿಂತ ಪಿತ್ತರಸವೇ ಬೆಳ್ಳಗೆ ಹೊಳೆಯುತ್ತದೆ. ಬಾಯಿಂದ ಎಂಡೋಸ್ಕೋಪ್ ಇಳಿಸಿ, ನಾಳಕ್ಕೆ ಡೈ ಬಿಡುವ ಇಆರ್‌ಸಿಪಿಯೇ ಬೇರೆ. ಅದರಿಂದ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯವಿದೆ, ಬರೀ ಚಿತ್ರಕ್ಕಾಗಿ ಅದನ್ನು ಮಾಡುವುದಿಲ್ಲ.

ಹುಟ್ಟಿನಿಂದಲೇ ಪಿತ್ತಕೋಶ ಇಲ್ಲದವರ ಭಾಗವನ್ನು ಬೆಳೆಸಿ. ಸಣ್ಣಕರುಳಿನ ಗಾಳಿಯ ನೆರಳು ನೋಡಿ ‘ಕಲ್ಲು ತುಂಬಿ ಕುಗ್ಗಿದ ಪಿತ್ತಕೋಶ’ ಎಂದು ರಿಪೋರ್ಟ್ ಬರುವುದುಂಟು. ಲ್ಯಾಪರೋಸ್ಕೋಪಿಯಲ್ಲಿ ಇಲ್ಲದ ಚೀಲ ಹುಡುಕುತ್ತ ಕೆದಕಿದರೆ ಮುಖ್ಯ ಪಿತ್ತನಾಳಕ್ಕೇ ಗಾಯ. ಅಲ್ಲಿಗೆ ನಿಲ್ಲಿಸಿ ಎಂಆರ್‌ಸಿಪಿ ಮಾಡಿಸುವುದು ಸರಿಯಾದ ದಾರಿ ಎಂಬುದನ್ನೂ ಬರೆಯಿರಿ.

‘ಎಡಬದಿಯ ಪಿತ್ತಕೋಶ’ ಎಂದರೆ ಹೊಟ್ಟೆಯ ಎಡಮೂಲೆಯಲ್ಲಲ್ಲ, ಯಕೃತ್ತಿನ ದುಂಡು ಕಟ್ಟುನಾರಿನ ಎಡಕ್ಕೆ. ನೋವು ಸಾಮಾನ್ಯವಾಗಿ ಬಲಗಡೆಯೇ.

ಚಿತ್ರಗಳಿಗೆ ಬಾಣದ ಗುರುತು ಹಾಕಿ. ಮೂರನೆಯದರ ಮೂಲೆಯಲ್ಲಿ ರೋಗಿಯ ಹೆಸರಿದೆ, ಅಳಿಸದೆ ಯಾರಿಗೂ ಕಳಿಸಬೇಡಿ.

— ಸಂಪಾದಕ